ನಡುವೆ ಒಂದು ದಿಂಬು

ಆ ಹಳೆಯ ಪಿಕಪ್ ಟ್ರಕ್ಕನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು ತಂದ ದಿನವೇ ಸೂಜಿಗೆ ಅದನ್ನು ಕಂಡರೆ ಆಗದೆ ಹೋಯಿತು.

ಗಾಡಿಯದೇನೂ ತಪ್ಪಿರಲಿಲ್ಲ. ಯಾರದೋ ತಗಡಿನ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ನಿಂತು ನಿಂತು ಅದರ ಟೈರುಗಳು ಕುಸಿದಿದ್ದವು, ದುಂಡನೆಯ ಹೆಡ್‌ಲೈಟಿನೊಳಗೆ ಜೇಡ ಸಂಸಾರ ಹೂಡಿತ್ತು, ತನ್ನ ಬಣ್ಣ ಯಾವುದೆಂದು ಗಾಡಿಗೇ ಮರೆತುಹೋಗಿತ್ತು. ತಪ್ಪೆಲ್ಲ ಅದರ ಸ್ಟಿಯರಿಂಗ್ ಹಿಡಿದು ಕೂತು ಬಂದವಳದು. ಮೋಟುಗೂದಲು, ಇಸ್ತ್ರಿ ಮಾಡಿದ ಬಿಳಿ ಶರ್ಟು, ತುಟಿಗೆ ಹದವಾದ ಬಣ್ಣ. ಗಾಡಿಯಿಂದ ಧುಮುಕಿದವಳೇ ಧೂಳು ಕೊಡವಿಕೊಂಡು, ಎದುರಿಗೆ ನಿಂತಿದ್ದ ಗ್ಯಾರೇಜಿನ ಮೇಸ್ತ್ರಿಯ ಕಡೆ ಕೈ ಚಾಚಿದಳು. ಮೇಸ್ತ್ರಿ ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆ ಎಳೆದು ಒಂದೊಂದೇ ಬೆರಳು ಒರೆಸಿಕೊಂಡು, ಆಮೇಲೆ ಕೈ ಕುಲುಕಿದ.

ರಸ್ತೆಯ ಈಚೆ ಬದಿಯ ಅಂಗಡಿಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಸೂಜಿ ಅದನ್ನು ಸರಿಯಾಗಿಯೇ ನೋಡಿದಳು. ಗ್ಯಾರೇಜು ಆಚೆ ಬದಿ, ಗಾಡಿಗಳ ಸೀಟು ಹೊಲಿಯುವ ಇವರ ಅಂಗಡಿ ಈಚೆ ಬದಿ, ನಡುವೆ ಸಣ್ಣ ರಸ್ತೆ. ಇಷ್ಟು ವರ್ಷಗಳಲ್ಲಿ ಮೇಸ್ತ್ರಿ ಇವಳ ಮುಂದೆ ಒಂದು ದಿನವಾದರೂ ಕೈ ಒರೆಸಿಕೊಂಡದ್ದುಂಟೆ? ಗ್ರೀಸು ಮೆತ್ತಿದ ಕೈಯಲ್ಲೇ ಬಂದು, ಇವಳ ಲೋಟದಲ್ಲೇ ನೀರು ಕುಡಿದು, ಲೋಟದ ಮೇಲೆ ಐದು ಬೆರಳಿನ ಗುರುತು ಬಿಟ್ಟು ಹೋಗುವವನು.

"ಯಾರಪ್ಪ ಅದು?" ಎಂದಳು.

"ದನದ ಡಾಕ್ಟರಮ್ಮ," ಎಂದ ಅವಳ ಅಪ್ಪ ಕನ್ನಡಕದ ಮೇಲಿಂದ ನೋಡುತ್ತ. ಹೊಲಿಗೆಯನ್ನು ಮಗಳಿಗೆ ಬಿಟ್ಟುಕೊಟ್ಟ ಮೇಲೆ ಅಂಗಡಿಯ ಬಾಗಿಲಲ್ಲಿ ಕೂತು ನೂಲು ಕತ್ತರಿಸುವುದು, ಬೀದಿಯ ಸುದ್ದಿ ಸಂಗ್ರಹಿಸುವುದು, ಇವೆರಡೇ ಅವನ ಕೆಲಸ. "ತಾತನ ಗಾಡಿಯಂತೆ. ಓಡೋ ಹಾಗೆ ಮಾಡಿಸ್ತಾಳಂತೆ."

"ದನದ ಡಾಕ್ಟರ್‌ಗೆ ಅಷ್ಟೊಂದು ಬಿಳಿ ಶರ್ಟ್ ಯಾಕೋ."

ಅಪ್ಪ ನೂಲು ಕತ್ತರಿಸುವುದರಲ್ಲಿ ಮಗ್ನನಾದ. ಅವನಿಗೆ ಎಲ್ಲಿ ಮಾತಾಡಬಾರದು ಎಂಬುದು ಚೆನ್ನಾಗಿ ಗೊತ್ತಿತ್ತು.

ಇವಳಿಗೆ ಸೂಜಿ ಎಂದು ಹೆಸರಿಟ್ಟವನು ಮೇಸ್ತ್ರಿಯೇ. ಅವನು ಇಟ್ಟ ಮೇಲೆ ಇಡೀ ಬೀದಿ ಹಾಗೇ ಕರೆಯತೊಡಗಿತು. ಶನಿವಾರ ಸಂಜೆಯಾದರೆ ಅವನು ಎಣ್ಣೆ ಡಬ್ಬಿ ಹಿಡಿದು ರಸ್ತೆ ದಾಟಿ ಬಂದು ಅವಳ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಯಾರೂ ಕೇಳಿಕೊಂಡಿರಲಿಲ್ಲ. ಎಣ್ಣೆ ಬಿಡುವ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವಂಥದ್ದು. ಅವನು ಮಾತ್ರ ದೀಪ ಹಚ್ಚುವವರೆಗೆ ಕೂತು, ಯಾವುದೋ ಲಾರಿಯ ಗೇರ್‌ಬಾಕ್ಸಿನ ಕಷ್ಟಸುಖ ಹೇಳುತ್ತಿದ್ದ. ಸೂಜಿಗೆ ಗೇರ್‌ಬಾಕ್ಸಿನ ಮೇಲೆ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ಆದರೂ ಶನಿವಾರ ಬೆಳಿಗ್ಗೆಯಿಂದಲೇ ಅವಳ ಕಿವಿ ರಸ್ತೆಯ ಕಡೆಗಿರುತ್ತಿತ್ತು. ಅವನಾಗಿ ಏನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಅವನು ಹೇಳುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ.

ಟ್ರಕ್ಕು ಬಂದ ವಾರದ ಶನಿವಾರ ಅವನು ಬರಲಿಲ್ಲ.

ಬಾನೆಟ್ ಎತ್ತಿ ಅದರೊಳಗೆ ಅರ್ಧ ಮುಳುಗಿದ್ದ. ಪಕ್ಕದಲ್ಲಿ ಡಾಕ್ಟರಮ್ಮ ಟಾರ್ಚ್ ಹಿಡಿದು ನಿಂತಿದ್ದಳು. ಮಾತು ರಸ್ತೆಯ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಎಂಜಿನ್ ಜಾಮ್ ಆಗಿದೆ ಮೇಡಂ. ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟಿದೀನಿ. ಅವಸರ ಮಾಡಿದ್ರೆ ಮುರಿದುಹೋಗುತ್ತೆ. ಹಾಗೇ ನೆನೀಲಿ. ದಿನಾ ಒಂಚೂರು ತಿರುಗಿಸಿ ನೋಡೋಣ."

"ಎಷ್ಟು ಮೆತ್ತಗೆ ಮಾತಾಡ್ತಾನೆ ನೋಡಪ್ಪ," ಎಂದಳು ಸೂಜಿ.

"ಎಂಜಿನ್ ವಿಷಯಕ್ಕೆ ಅವನು ಯಾವಾಗ್ಲೂ ಮೆತ್ತಗೇ ಕಣೇ."

"ಎಂಜಿನ್‌ಗೆ ಲಿಪ್‌ಸ್ಟಿಕ್ ಇರಲ್ಲಪ್ಪ."

ಹೊಲಿಗೆ ಮಷೀನು ಕಿರ್ ಎನ್ನತೊಡಗಿತ್ತು. ಅಲ್ಲಿ ಬಿಡಲು ಎಣ್ಣೆಯುಂಟು, ಇಲ್ಲಿಗೆ ಇಲ್ಲ. ಭಾನುವಾರ ಬೆಳಿಗ್ಗೆ ಪೇಟೆಯಿಂದ ಒಂದು ಬಾಟಲಿ ಎಣ್ಣೆ ತಂದು, ಮಷೀನಿನ ಒಂದೊಂದು ತೂತಿಗೂ ತಾನೇ ಬಿಟ್ಟು, ಒರೆಸಿ ಫಳಫಳ ಹೊಳೆಯಿಸಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಎಣ್ಣೆಯ ವಾಸನೆ ಕಾರಣವೆಂದು ಅಪ್ಪನಿಗೆ ಹೇಳಿದಳು.

ಎದುರು ಬದಿಯಲ್ಲಿ ಗಾಡಿಗೆ ಒಂದೊಂದೇ ಉಪಚಾರ ನಡೆಯಿತು. ಪೆಟ್ರೋಲ್ ಟ್ಯಾಂಕಿನೊಳಗೆ ಜಲ್ಲಿಕಲ್ಲು ಹಾಕಿ, ಮೇಸ್ತ್ರಿ ಒಂದು ಕಡೆ ಡಾಕ್ಟರಮ್ಮ ಒಂದು ಕಡೆ ಹಿಡಿದು, ತುಕ್ಕು ಉದುರುವವರೆಗೆ ಕುಲುಕಾಡಿಸಿದರು. ಗೊಡಗೊಡ ಸದ್ದಿಗೆ ಡಾಕ್ಟರಮ್ಮ ನಕ್ಕಳು. ಮೇಸ್ತ್ರಿಯೂ ನಕ್ಕ. ಇನ್ನೊಂದು ದಿನ ಕಾರ್ಬೊರೇಟರ್ ಬಿಚ್ಚಿ ಪೇಪರಿನ ಮೇಲೆ ಹರಡಿದ. ಅವಳು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೊಂದಕ್ಕೂ ಹೆಸರು ಕೇಳಿದಳು. ಅವನು ಕೈಗೆ ಎತ್ತಿ ತೋರಿಸಿ ಹೇಳಿದ. ಸೂಜಿ ಅಂದು ಒಂದೇ ಸ್ಕೂಟರ್ ಸೀಟನ್ನು ಎರಡು ಸಲ ತಪ್ಪು ಹೊಲಿದಳು.

ಅವಳೇನು ಸುಮ್ಮನಿದ್ದಳೆಂದು ತಿಳಿಯಬೇಡಿ. ರೆಕ್ಸಿನ್ ಮಾರುವವನೊಬ್ಬ ಆಗಾಗ ಸುರುಳಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಬರುತ್ತಿದ್ದ. ಅವನು ಬರುವುದಕ್ಕೆ ಮೊದಲು ಅವನ ಸೆಂಟು ಬರುತ್ತಿತ್ತು. ಮೊದಲೆಲ್ಲ ಅವನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದವಳು ಈಗ ಒಳಗೆ ಕರೆದು ಕೂರಿಸಿದಳು, ಅವನ ಸಪ್ಪೆ ಜೋಕುಗಳಿಗೆ ರಸ್ತೆಯಾಚೆ ಕೇಳುವಷ್ಟು ಜೋರಾಗಿ ನಕ್ಕಳು. ಓರೆಗಣ್ಣಲ್ಲಿ ನೋಡಿದರೆ ಮೇಸ್ತ್ರಿಯ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಅಲುಗಲಿಲ್ಲ. ರೆಕ್ಸಿನ್‌ನವನು ಹೋದ ಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಕೊನೆಗೆ ಗಾಡಿಯ ಸೀಟಿನ ಕೆಲಸ ಇವಳ ಪಾಲಿಗೇ ಬಂತು. ಬರದೆ ಎಲ್ಲಿ ಹೋದೀತು? ಮೇಸ್ತ್ರಿ ಹಳೆಯ ಸೀಟನ್ನು ಬಿಚ್ಚಿ ಹೊತ್ತು ತಂದು ಅಂಗಡಿಯಲ್ಲಿ ಇಳಿಸಿದ. ಇಲಿಗಳು ತಿಂದು ಬಿಟ್ಟದ್ದು ಸ್ಪ್ರಿಂಗು, ಕಬ್ಬಿಣದ ಫ್ರೇಮು, ಅಲ್ಲಲ್ಲಿ ತೆಂಗಿನ ನಾರು.

"ಒಂದೇ ಉದ್ದದ ಸೀಟು ಬೇಕು ಸೂಜಿ," ಎಂದ ಅವನು. "ಮಧ್ಯದಲ್ಲಿ ಏನೂ ಅಡ್ಡ ಬರಬಾರದು. ಮೊದಲು ಹಾಗೇ ಇತ್ತು."

"ಆಗಲಿ. ನೀವು ಹೇಳಿದ ಹಾಗೇ ಮಾಡೋಣ."

"ನಾನು ಯಾವಾಗಿಂದ 'ನೀವು' ಆದೆ?"

"ಗಿರಾಕಿಗಳಿಗೆ ಮರ್ಯಾದೆ ಕೊಡಬೇಕಲ್ಲ."

ಅವನ ಕಣ್ಣು ಹೊಳೆಯುತ್ತಿದ್ದ ಹೊಲಿಗೆ ಮಷೀನಿನ ಮೇಲೆ ಹೋಯಿತು. ಅದರ ಪಕ್ಕದಲ್ಲಿದ್ದ ಹೊಸ ಎಣ್ಣೆ ಬಾಟಲಿಯ ಮೇಲೆ ಹೋಯಿತು. ಬಂದ ದಾರಿಯಲ್ಲೇ ಗ್ಯಾರೇಜಿಗೆ ಹಿಂತಿರುಗಿದ.

ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಕೂರುವವರನ್ನು ಮೊದಲು ಫ್ರೇಮಿನ ಮೇಲೆ ಹಲಗೆ ಹಾಸಿ ಕೂರಿಸಿ, ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳದೆ ಕತ್ತರಿ ಮುಟ್ಟುವಂತಿರಲಿಲ್ಲ. ಮರುದಿನ ಡಾಕ್ಟರಮ್ಮನನ್ನು ಡ್ರೈವರ್ ಕಡೆ ಕೂರಿಸಿ ಸೂಜಿ ಗುರುತು ಹಾಕಿದಳು.

"ಈ ಕಡೆ ಯಾರು ಕೂರ್ತಾರೆ?"

"ಮೇಸ್ತ್ರಿ, ನೀವೇ ಕೂತ್ಕೊಳ್ಳಿ ಬನ್ನಿ," ಎಂದಳು ಡಾಕ್ಟರಮ್ಮ. ಅವನು ಕೂತ. ಅವಳು ನಗುತ್ತ ಹೇಳಿದಳು: "ಇದರ ಗೇರು ಸ್ಟಿಯರಿಂಗ್ ಪಕ್ಕಕ್ಕೇ ಇರೋದ್ರಿಂದ ನಡುವೆ ಕಾಲಿಗೆ ಏನೂ ತಗಲಲ್ಲ. ನಮ್ಮಜ್ಜಿ ಇದ್ರಲ್ಲ, ಬಾಗಿಲ ಕಡೆ ಅಷ್ಟು ಜಾಗ ಖಾಲಿ ಬಿಟ್ಟು ತಾತನಿಗೆ ಅಂಟಿಕೊಂಡೇ ಕೂರ್ತಿದ್ರಂತೆ. ಊರೆಲ್ಲ ಆಡ್ಕೊಂಡ್ರೂ ಜಗ್ಗಲಿಲ್ಲ. ಅದಕ್ಕೇ ಒಂದೇ ಸೀಟು ಬೇಕು ಅಂದಿದ್ದು."

ಸೂಜಿಯ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು. ಹಾಗಾದರೆ ವಿಷಯ ಅಷ್ಟು ದೂರ ಹೋಗಿದೆ.

ಡಾಕ್ಟರಮ್ಮ ಹೊರಟ ಮೇಲೂ ಮೇಸ್ತ್ರಿ ಹಲಗೆಯ ಮೇಲೆ ಕೂತೇ ಇದ್ದ. "ನೀನೂ ಒಂದ್ಸಲ ಕೂತು ನೋಡು," ಎಂದ, ಪಕ್ಕದ ಜಾಗ ತೋರಿಸಿ.

"ನಾನ್ಯಾಕೆ? ನಾನು ಹೊಲಿಯೋಳು. ಕೂರೋರು ಬೇರೆ."

ಅವನು ಎದ್ದು ಹೋದ. ಅಪ್ಪ ಕನ್ನಡಕ ತೆಗೆದು ಮಗಳನ್ನು ಒಮ್ಮೆ ನೋಡಿ, ಮತ್ತೆ ಹಾಕಿಕೊಂಡ.

ಸೀಟನ್ನು ಅವಳು ಚೆನ್ನಾಗಿಯೇ ಹೊಲಿದಳು. ಕೆಲಸದಲ್ಲಿ ಮೋಸ ಮಾಡುವ ಕೈಯಲ್ಲ ಅದು. ಕಡುಗೆಂಪು ರೆಕ್ಸಿನ್ನು, ಹೊಸ ಸ್ಪಂಜು, ಎಲ್ಲೂ ಸುಕ್ಕಿಲ್ಲದ ಒಂದೇ ಉದ್ದದ ಸೀಟು. ಆಮೇಲೆ ಅದನ್ನು ನೋಡುತ್ತ ನಿಂತಳು. ಡ್ರೈವರ್ ಕಡೆ ಒಬ್ಬರು, ಅವರಿಗೆ ಅಂಟಿಕೊಂಡು ಇನ್ನೊಬ್ಬರು, ಬಾಗಿಲ ಕಡೆ ಅಷ್ಟೂ ಜಾಗ ಖಾಲಿ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಸಿಟ್ಟು ನೆತ್ತಿಗೇರಿತು. ಉಳಿದ ರೆಕ್ಸಿನ್ನಿನಲ್ಲಿ ತೋಳಿನಷ್ಟು ದಪ್ಪದ ಚೀಲ ಹೊಲಿದು, ಒಳಗೆ ನಾರನ್ನು ಕಲ್ಲಾಗುವವರೆಗೆ ಗಿಡಿದಳು. ಆ ದಿಂಬನ್ನು ಸೀಟಿನ ನಟ್ಟನಡುವೆ, ಒರಗುವ ಜಾಗದಿಂದ ಮುಂದಿನ ಅಂಚಿನವರೆಗೆ ಇಟ್ಟು, ಮೇಣ ಹಚ್ಚಿದ ದಾರದಲ್ಲಿ ಎರಡೂ ಬದಿ ಜೋಡಿ ಹೊಲಿಗೆ ಹಾಕಿದಳು. ಇನ್ನು ಯಾರು ಯಾರಿಗೆ ಅಂಟಿಕೊಳ್ಳುತ್ತಾರೋ ನೋಡೋಣ.

"ಅದೇನದು?" ಎಂದ ಅಪ್ಪ.

"ಕೈ ಊರೋದಕ್ಕೆ."

"ಯಾರ ಕೈ ಊರೋದಕ್ಕೆ?"

ಅವಳು ದಾರದ ತುದಿ ಕತ್ತರಿಸಿದಳು. ಸೀಟಿಗೆ ಬಟ್ಟೆ ಸುತ್ತಿ, ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಪಕ್ಕದ ಅಂಗಡಿಯವರ ಸಹಾಯದಿಂದ ತಾನೇ ಗಾಡಿಯಲ್ಲಿ ಕೂರಿಸಿ, ಬೋಲ್ಟು ಬಿಗಿದು, ಬಟ್ಟೆ ಬಿಚ್ಚದೆ ಬಂದಳು.

ಮಧ್ಯಾಹ್ನ ಎಂಜಿನ್ ಮಾತಾಡಿತು.

ಮೇಸ್ತ್ರಿ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ. ಡಾಕ್ಟರಮ್ಮ ಗಾಡಿಯೊಳಗೆ ಕೈ ಹಾಕಿ ಚೋಕ್ ಎಳೆದು ಹಿಡಿದಿದ್ದಳು. ಮೊದಲ ಸುತ್ತಿಗೆ ಒಂದು ನಿಟ್ಟುಸಿರು, ಎರಡನೆಯದಕ್ಕೆ ಒಂದು ಸೀನು. ಆಮೇಲೆ ಸೈಲೆನ್ಸರಿನಿಂದ ಒಣಗಿದ ಎಲೆ, ಇಲಿಗೂಡಿನ ನಾರು, ಕರಿ ಹೊಗೆ ಎಲ್ಲ ಒಟ್ಟಿಗೆ ಹಾರಿ, ಗಾಡಿ ಮೈಯೆಲ್ಲ ನಡುಗಿಸಿಕೊಂಡು ಗುಡುಗುಡು ಎನ್ನತೊಡಗಿತು. ಬೀದಿಯವರೆಲ್ಲ ಹೊರಗೆ ಬಂದರು. ಡಾಕ್ಟರಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಚಿಕ್ಕಂದಿನಲ್ಲಿ ಅವಳು ತಾತನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿದ ಗಾಡಿಯಂತೆ. ಸೂಜಿಯೂ ತನಗೆ ತಿಳಿಯದೆ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಅದು ಅವಳಿಗೇ ಸೇರಲಿಲ್ಲ.

ಮೇಸ್ತ್ರಿ ಕೈಯೆತ್ತಿ, "ಬಂದೆ," ಎಂದು ಗ್ಯಾರೇಜಿನ ಹಿಂದಕ್ಕೆ ಓಡಿದ. ಡಾಕ್ಟರಮ್ಮ ಬಾಗಿಲು ತೆರೆದು ಸೀಟಿನ ಬಟ್ಟೆ ಎಳೆದಳು. ನಿಂತೇ ಇದ್ದಳು. ದಿಂಬಿನ ಮೇಲೆ ಕೈಯಾಡಿಸಿದಳು, ಬೆರಳಿನಿಂದ ತಟ್ಟಿ ನೋಡಿದಳು. ಆಮೇಲೆ ನೇರವಾಗಿ ರಸ್ತೆ ದಾಟಿ ಸೂಜಿಯ ಮುಂದೆ ಬಂದಳು.

"ಅದು ನನಗೋಸ್ಕರ ಕಟ್ಟಿದ ಗೋಡೆ, ಅಲ್ವಾ?"

ಸೂಜಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಹೌದು," ಎಂದಳು.

ಡಾಕ್ಟರಮ್ಮ ನಕ್ಕಳು. ನಗು ಪೂರ್ತಿ ನಗುವಾಗಿರಲಿಲ್ಲ. "ನಿಮ್ಮ ಅನುಮಾನ ಸುಳ್ಳೇನಲ್ಲ ಬಿಡಿ. ನನಗೆ ಅವರು ಇಷ್ಟ ಆಗಿದ್ರು. ಗಾಡಿ ಎದ್ದ ದಿನ ಮೊದಲ ರೌಂಡು ನಾವಿಬ್ರೇ ಹೋಗೋಣ್ವಾ ಅಂತ ಕೇಳಿದೆ. ಆಗಲ್ಲ ಅಂದ್ರು. ಅಜ್ಜಿ ಕಥೆ ಕೇಳಿದಾಗಿಂದ ಅವರಿಗೆ ಒಂದೇ ಹಟ. ಗಾಡಿ ಎದ್ದರೆ ಆ ಜಾಗದಲ್ಲಿ ಸೀಟು ಹೊಲಿಯೋರನ್ನೇ ಕೂರಿಸಬೇಕಂತೆ. ಎರಡು ದಿನ ನನಗೆ ಬೇಜಾರಾಯ್ತು. ನಿಮ್ಮನ್ನ ನೋಡಿದ್ರೆ ಉರೀತಿತ್ತು ಕೂಡ."

"ನನ್ನನ್ನ ನೋಡಿ ನಿಮಗಾ?"

"ಮತ್ತೆ? ಬಾನೆಟ್ ಒಳಗೆ ತಲೆ ಇಟ್ಕೊಂಡೂ ಸೂಜಿ ಹಾಗಂದ್ಲು, ಸೂಜಿ ಹೀಗಂದ್ಲು. ಎಷ್ಟು ಅಂತ ಕೇಳೋದು?" ಅವಳು ತನ್ನ ಚೀಲ ಹೆಗಲಿಗೇರಿಸಿದಳು. "ನಾನು ಇಲ್ಲೇ ನಿಮ್ಮಪ್ಪನ ಹತ್ರ ಕೂತಿರ್ತೀನಿ. ಹೋಗಿ ಬನ್ನಿ. ಆದ್ರೆ ನನಗೆ ನಮ್ಮ ತಾತನ ಸೀಟು ತಾತನ ಸೀಟಿನ ಹಾಗೇ ಬೇಕು."

ಸೂಜಿಗೆ ನೆಲ ಬಾಯಿಬಿಡಬಾರದೆ ಎನಿಸಿತು. ಓಡಿಹೋಗಿ ದಿಂಬು ಕಿತ್ತುಹಾಕೋಣವೆಂದರೆ ಮೇಸ್ತ್ರಿ ಆಗಲೇ ಬಂದುಬಿಟ್ಟಿದ್ದ. ಒಗೆದ ಶರ್ಟು ಹಾಕಿದ್ದ. ಒದ್ದೆ ಕೂದಲು ಬಾಚಿದ್ದ. ಕೈಗಳನ್ನು ಉಗುರಿನ ಸಂದಿನವರೆಗೆ ತಿಕ್ಕಿ ತೊಳೆದಿದ್ದರಿಂದ ಅವು ಬೇರೆ ಯಾರದೋ ಕೈಗಳ ಹಾಗೆ ಕಾಣುತ್ತಿದ್ದವು.

"ಒಂದು ರೌಂಡು ಬರ್ತೀಯಾ?" ಎಂದ. "ಎಂಜಿನ್ ಆಫ್ ಮಾಡಲ್ಲ. ಮಾಡಿದ್ರೆ ಮತ್ತೆ ಏಳುತ್ತೋ ಇಲ್ವೋ."

ಅವಳು ಆಚೆ ಬಾಗಿಲಿನಿಂದ ಹತ್ತಿದಳು. ಅವನು ಡ್ರೈವರ್ ಕಡೆಯಿಂದ ಹತ್ತಿ, ದಿಂಬು ನೋಡಿ, ಮೊಣಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

"ಇದೇನಿದು?"

"ಫ್ಯಾಷನ್ನು."

"ಏನೂ ಅಡ್ಡ ಬರಬಾರದು ಅಂದಿದ್ದೆ."

"ಗಾಡಿ ಬಿಡಿ. ಜನ ನೋಡ್ತಿದಾರೆ."

ಬೀದಿ ದಾಟಿ, ಗೋದಾಮುಗಳ ಸಾಲು ದಾಟಿ, ಗಾಡಿ ಕೆರೆಯ ಪಕ್ಕದ ದಾರಿಗೆ ಬಂತು. ಗುಂಡಿ ಸಿಕ್ಕಾಗಲೆಲ್ಲ ಇಬ್ಬರೂ ಒಟ್ಟಿಗೆ ಎಗರಿದರು, ಒಟ್ಟಿಗೆ ಕೂತರು. ನಡುವೆ ದಿಂಬು ಮಾತ್ರ ಅಲ್ಲಾಡಲಿಲ್ಲ. ಅಷ್ಟು ಗಟ್ಟಿ ಹೊಲಿಗೆ. ಅವಳಿಗೆ ಜೀವಮಾನದಲ್ಲಿ ಎಂದೂ ತನ್ನ ಕೈಕೆಲಸದ ಮೇಲೆ ಅಷ್ಟು ಸಿಟ್ಟು ಬಂದದ್ದಿಲ್ಲ.

"ಒಂದು ಮಾತು ಕೇಳ್ಲಾ?" ಎಂದ ಅವನು, ದಾರಿ ನೋಡುತ್ತಲೇ. "ನಿನ್ನ ಮಷೀನಿಗೆ ಯಾರು ಎಣ್ಣೆ ಬಿಡ್ತಿದಾರೆ?"

"ಯಾಕೆ?"

"ಆ ಶನಿವಾರ ತಪ್ಪಿತು, ಕೆಲಸದ ಅಮಲಲ್ಲಿ ಮರೆತೆ. ಸೋಮವಾರ ಡಬ್ಬಿ ಹಿಡ್ಕೊಂಡು ಬಂದೆ. ನೀನಿರಲಿಲ್ಲ, ಅಪ್ಪ ತೂಕಡಿಸ್ತಿದ್ರು. ಮಷೀನು ಹೊಳೀತಾ ಇತ್ತು. ಆಮೇಲೆ ಹೊಸ ಬಾಟ್ಲಿ ನೋಡಿದೆ. ಆ ಸೆಂಟಿನವನು ಒಳಗೇ ಬಂದು ಕೂರೋದು ನೋಡಿದೆ." ಅವನ ಕೈ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯಿತು. "ನನ್ನ ಕೆಲಸ ಅವನಿಗೆ ಕೊಟ್ಟುಬಿಟ್ಟೆ ಅಂದ್ಕೊಂಡೆ. ಊಟ ಸೇರಲಿಲ್ಲ ಸೂಜಿ. ಕಾರ್ಬೊರೇಟರ್ ಎರಡು ಸಲ ತಪ್ಪು ಜೋಡಿಸಿದೆ."

ಸೂಜಿ ಅವನ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ಅಲುಗದ ಆ ಬೆನ್ನಿನ ಆಚೆ ಇಂಥ ಮುಖವಿತ್ತೆಂದು ಅವಳಿಗೆ ಹೇಗೆ ತಿಳಿಯಬೇಕು?

"ನಾನೇ ಬಿಟ್ಟೆ ಎಣ್ಣೆ. ನೀನು ಬರಲಿಲ್ಲ ಅನ್ನೋ ಸಿಟ್ಟಿಗೆ." ಎಷ್ಟೋ ದಿನಗಳ ಮೇಲೆ ನೀನು ಎಂಬುದು ತಾನಾಗಿ ಬಾಯಿಗೆ ಬಂದಿತ್ತು. "ಡಾಕ್ಟರಮ್ಮ ಬಂದ ದಿನ ಬೆರಳೆಲ್ಲ ಒರೆಸ್ಕೊಂಡು ಕೈ ಕೊಟ್ಟೆ. ನಮ್ಮ ಅಂಗಡಿಗೆ ಒಂದು ದಿನ ಹಾಗೆ ಬಂದಿದೀಯಾ?"

"ಅವರು ಗಿರಾಕಿ ಕಣೇ."

"ನಾನು?"

ಅವನು ಸ್ಟಿಯರಿಂಗ್ ತಿರುಗಿಸಿ ಒಂದು ಗುಂಡಿ ತಪ್ಪಿಸಿದ. "ನಿಮ್ಮ ಅಂಗಡಿಗೆ ಬಂದ್ರೆ ಮನೆಗೆ ಬಂದ ಹಾಗೆ ಇರ್ತಿತ್ತು. ಮನೆ ಒಳಗೆ ಬಂದ ಮೇಲೆ ತಾನೇ ಕೈ ತೊಳೆಯೋದು?" ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಇವತ್ತು ತೊಳ್ಕೊಂಡು ಬಂದಿದೀನಿ. ನಿನ್ನ ಕೈ ಕೇಳೋಣ ಅಂತ. ಹಲಗೆ ಮೇಲೆ ಕೂತ್ಕೋ ಅಂದಾಗಲೇ ಕೇಳಬೇಕು ಅಂತಿದ್ದೆ. ಸೀಮೆಸುಣ್ಣದ ಗುರುತು ನಿನ್ನ ಸುತ್ತ ಹಾಕಬೇಕಿತ್ತು."

ಅವಳು ಕೈ ಮುಂದೆ ಚಾಚಿದಳು. ದಿಂಬು ಅಡ್ಡ ಬಂತು.

"ಗಾಡಿ ನಿಲ್ಲಿಸು," ಎಂದಳು.

"ಕೋಪ ಬಂತಾ?"

"ನಿಲ್ಲಿಸು ಅಂದ್ನಲ್ಲ. ಎಂಜಿನ್ ಆಫ್ ಮಾಡಬೇಡ."

ಗಾಡಿ ಕೆರೆಯ ದಂಡೆಯಲ್ಲಿ ಗುಡುಗುಡು ಎನ್ನುತ್ತ ನಿಂತಿತು. ಅವಳು ಸೊಂಟದ ಚೀಲದಿಂದ ಹೊಲಿಗೆ ಬಿಚ್ಚುವ ಸಣ್ಣ ಚಾಕು ತೆಗೆದು, ಸೀಟಿನ ಮೇಲೆ ಮೊಣಕಾಲೂರಿ, ದಿಂಬಿನ ಬುಡಕ್ಕೆ ಕೈ ಹಾಕಿದಳು. ಮೇಣದ ದಾರ ಜಪ್ಪಯ್ಯ ಎನ್ನಲಿಲ್ಲ. ಸಿಟ್ಟಿನಲ್ಲಿ ಅವಳು ಎಷ್ಟು ಒತ್ತೊತ್ತಾಗಿ ಹೊಲಿದಿದ್ದಳೆಂಬುದು ಈಗ ಅವಳಿಗೇ ತಿಳಿಯಿತು. ಅವನು ಆ ಬದಿಯಿಂದ ದಾರ ಎಳೆದ, ಅವಳು ಈ ಬದಿಯಿಂದ ಕತ್ತರಿಸಿದಳು. ಎರಡು ಸಲ ತಲೆಗೆ ತಲೆ ಡಿಕ್ಕಿ ಹೊಡೆಯಿತು. ಗಾಡಿ ನಡುವೆ ಕೆಮ್ಮಿದಾಗ ಅವನು ಕಾಲು ಚಾಚಿ ಆಕ್ಸಿಲರೇಟರ್ ಒತ್ತಿ ಸಮಾಧಾನ ಮಾಡಿದ.

"ಇಷ್ಟು ಗಟ್ಟಿಯಾಗಿ ಯಾಕೆ ಹೊಲಿದೆ ಮಾರಾಯ್ತಿ?"

"ನೀವಿಬ್ರೂ ಅಂಟಿಕೊಂಡು ಕೂರಬಾರದು ಅಂತ."

ಅವನು ದಾರ ಹಿಡಿದವನು ಹಾಗೇ ಅವಳನ್ನು ನೋಡಿದ. ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ಮೀಸೆಯ ಕೆಳಗೆ ಇಳಿಯಿತು. "ನನಗೋಸ್ಕರ?"

"ಅಲ್ಲ, ಗಾಡಿಗೋಸ್ಕರ. ಎಳಿ ದಾರ."

ಕೊನೆಯ ಹೊಲಿಗೆ ಬಿಚ್ಚಿದಾಗ ಬಿಸಿಲು ಕೆರೆಯ ಮೇಲೆ ಹಳದಿಯಾಗಿತ್ತು. ದಿಂಬನ್ನು ಅವಳು ಗಾಡಿಯ ಹಿಂದಿನ ತೊಟ್ಟಿಗೆ ಎಸೆದಳು. ಕಡುಗೆಂಪು ಸೀಟಿನ ನಡುವೆ ಸೂಜಿ ತೂತುಗಳ ಸಾಲುಗಳು ಉಳಿದವು. ಅವಳು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಇವು ಮುಚ್ಚಲ್ಲ. ರೆಕ್ಸಿನ್‌ಗೆ ತೂತು ಬಿದ್ರೆ ಬಿತ್ತು. ಡಾಕ್ಟರಮ್ಮನಿಗೆ ಹೊಸ ಕವರ್ ಹೊಲಿದು ಕೊಡ್ತೀನಿ."

"ಹೊಲಿ. ಇದನ್ನ ನನಗೆ ಕೊಡು."

"ತೂತಿನ ಕವರ್ ಇಟ್ಕೊಂಡು ಏನ್ ಮಾಡ್ತೀಯ?"

"ಸೂಜಿ ನನಗೋಸ್ಕರ ಹೊಟ್ಟೆ ಉರ್ಕೊಂಡಿದ್ಲು ಅಂದ್ರೆ ಬೀದೀಲಿ ಯಾರು ನಂಬ್ತಾರೆ? ತೋರಿಸೋಕೆ ಬೇಕಲ್ಲ."

ಅವಳು ಅವನ ತೋಳಿಗೆ ಒಂದು ಗುದ್ದಿದಳು. ಗುದ್ದಿದ ಕೈಯನ್ನು ಅವನು ಹಿಡಿದುಕೊಂಡ, ಬಿಡಲಿಲ್ಲ. ಅಷ್ಟು ತೊಳೆದಿದ್ದರೂ ಆ ಕೈಯಲ್ಲಿ ಎಣ್ಣೆಯ ವಾಸನೆ ಹಾಗೇ ಇತ್ತು. ಅದು ಇಲ್ಲದಿದ್ದರೆ ಅವಳಿಗೆ ಗುರುತೇ ಸಿಗುತ್ತಿರಲಿಲ್ಲವೇನೋ.

"ಕೈ ಬಿಡು. ಗೇರ್ ಹಾಕೋದು ಹೇಗೆ?"

"ಶನಿವಾರದಿಂದ ಎಣ್ಣೆ ನಾನೇ ಬಿಡೋದು. ಆ ಬಾಟ್ಲಿ ಎಸಿ."

"ಎಸೀತೀನಿ. ಗೇರ್ ಹಾಕು."

ಅವನು ಗೇರ್ ಹಾಕಿದ. ಗಾಡಿ ಒಮ್ಮೆ ಮುಗ್ಗರಿಸಿ ಮುಂದಕ್ಕೆ ಹೊರಟಿತು. ಸೂಜಿ ಸರಿದು ಸರಿದು ತೂತುಗಳ ಸಾಲನ್ನೂ ದಾಟಿ ಅವನ ಪಕ್ಕಕ್ಕೆ ಬಂದಳು. ಬೀದಿಗೆ ತಿರುಗಿದಾಗ ಅಂಗಡಿಯ ಬಾಗಿಲಲ್ಲಿ ಅಪ್ಪ, ಡಾಕ್ಟರಮ್ಮ ಇಬ್ಬರೂ ಎದ್ದು ನಿಂತು ನೋಡುತ್ತಿದ್ದರು. ಅವಳು ಹಿಂದಕ್ಕೆ ಸರಿಯಲಿಲ್ಲ. ಬಾಗಿಲ ಕಡೆ ಅಷ್ಟೂ ಜಾಗ ಖಾಲಿಯಾಗಿಯೇ ಇತ್ತು.